ಹೊಗೆಯಿಲ್ಲದ ಊರನ್ನು ಅಕ್ಕ ನೋಡಿದ ಬೆಳಗು

ನಾನು ಚಿಕ್ಕವಳಿದ್ದಾಗ ನಮ್ಮೂರು ಮಲಗಿದ್ದನ್ನು ಕಂಡವರೇ ಇರಲಿಲ್ಲ. ನಮ್ಮೂರು ಅಂದರೆ ಭದ್ರಾವತಿ. ಓಲ್ಡ್ ಟೌನಿನಲ್ಲಿ ಹೊಳೆಗೆ ಇಳಿಯುವ ಓಣಿಯೊಳಗೆ ಎರಡು ಕೋಣೆಯ ಹಂಚಿನ ಮನೆ ನಮ್ಮದು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಹತ್ತಿರ ಕೆಲಸ ಮಾಡುತ್ತಿದ್ದ. ಕುಲುಮೆಗೆ ಹಗಲು ರಾತ್ರಿ ಅಂತ ಇಲ್ಲ, ಅದು ಉರಿಯುತ್ತಲೇ ಇರಬೇಕು. ಅದಕ್ಕೇ ಒಂದು ಪಾಳಿಯವರು ಬಂದು ಮಲಗುವ ಹೊತ್ತಿಗೆ ಇನ್ನೊಂದು ಪಾಳಿಯವರು ಎದ್ದು ಹೊರಡುತ್ತಿದ್ದರು. ಕತ್ತಲು ಹರಿಯುವ ಮುಂಚೆಯೇ ಸೈರನ್ ಕೂಗುತ್ತಿತ್ತು. ಆಮೇಲೆ ಓಣಿಯ ತುಂಬ ಸೈಕಲ್ ಬೆಲ್ಲು, ಕ್ಯಾರಿಯರ್ ಡಬ್ಬಿಗಳು ತಾಗುವ ಸದ್ದು, ಕನ್ನಡ ತಮಿಳು ತೆಲುಗು ಮೂರನ್ನೂ ಕಲಸಿ ಒಬ್ಬರನ್ನೊಬ್ಬರು ಕರೆಯುವ ಕೂಗು. ನಮಗೆ ಬೆಳಗು ಅಂದರೆ ಅದೇ.

ಅಮ್ಮ ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಇಟ್ಟು ಎದ್ದು ನಿಂತಾಗ ಮೊದಲು ಪೂರ್ವಕ್ಕೆ ತಿರುಗಿ ಸೂರ್ಯನಿಗೆ ಕೈ ಮುಗಿಯುತ್ತಿದ್ದಳು. ಆಮೇಲೆ ಹೊಳೆಯಾಚೆಗೆ ತಿರುಗಿ ಕಾರ್ಖಾನೆಯ ಚಿಮಣಿಗೂ ಕೈ ಮುಗಿಯುತ್ತಿದ್ದಳು. ನಮ್ಮ ಓಣಿಯ ಎಷ್ಟೋ ಹೆಂಗಸರು ಹಾಗೆ ಮಾಡುತ್ತಿದ್ದರು, ಯಾರಿಗೂ ಅದು ನಗುವ ವಿಷಯವಾಗಿರಲಿಲ್ಲ. ಚಿಮಣಿಯಲ್ಲಿ ಹೊಗೆ ಇದ್ದರೆ ಆ ದಿನಕ್ಕೆ ಸಾಕು. ಒಣಗಲು ಹಾಕಿದ ಬಟ್ಟೆಯ ಮೇಲೆ ಕರಿ ಬೀಳುತ್ತಿತ್ತು, ಹಪ್ಪಳದ ಮೇಲೂ ಬೀಳುತ್ತಿತ್ತು. ಅಮ್ಮ ಒಂದು ದಿನವೂ ಬೈದದ್ದಿಲ್ಲ. ಕೊಡವಿ, ಒರೆಸಿ, ದೇವರು ಕೊಟ್ಟದ್ದು ಅನ್ನುತ್ತಿದ್ದಳು.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಸಲ ಹೊಗೆ ನಿಂತಿತು. ಕುಲುಮೆ ರಿಪೇರಿಗೆ ಬಂದಿತ್ತಂತೆ. ಅಪ್ಪನಿಗಿನ್ನೂ ಕೆಲಸ ಖಾಯಂ ಆಗಿರಲಿಲ್ಲ, ಅಂಥವರೆಲ್ಲ ಮನೆಯಲ್ಲೇ ಕೂತರು. ಆಕಾಶ ತೊಳೆದಿಟ್ಟ ಹಾಗೆ ನೀಲಿಯಾಗಿತ್ತು. ದೂರದ ಗುಡ್ಡಗಳು ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತಿದ್ದವು. ಓಣಿಯಲ್ಲಿ ಒಂದು ಸದ್ದಿಲ್ಲ. ಆ ದಿನಗಳಲ್ಲಿ ನಾವು ಮೂರು ಹೊತ್ತೂ ರಾಗಿ ಗಂಜಿ ಕುಡಿದೆವು, ಕೊನೆಕೊನೆಗೆ ಎರಡೇ ಹೊತ್ತು. ಅಕ್ಕ ತನ್ನ ಲೋಟದಲ್ಲಿ ಅರ್ಧ ನನಗೆ ಬಗ್ಗಿಸಿ, ಹೊಟ್ಟೆ ತುಂಬಿತು ಅನ್ನುತ್ತಿದ್ದಳು. ಹಾಗಾಗಿ ತಿಳಿ ಆಕಾಶ ಕಂಡರೆ ನಮಗೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ. ಮಕ್ಕಳೇ, ಇದನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಮುಂದೆ ಅಕ್ಕ ಮಾಡಿದ ತಪ್ಪು ನಿಮಗೆ ಅರ್ಥವಾಗುವುದಿಲ್ಲ.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ನಮ್ಮ ಓಣಿಯಿಂದ ಕಾಲೇಜಿಗೆ ಹೋದ ಮೊದಲನೇ ಹುಡುಗಿ. ದಿನಾ ರೈಲಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬರುತ್ತಿದ್ದಳು. ಉಳಿದ ಪಾಠಗಳಲ್ಲಿ ಚುರುಕಾಗಿದ್ದಳು, ಇಂಗ್ಲಿಷ್ ಮಾತ್ರ ಕೈ ಕೊಡುತ್ತಿತ್ತು. ಒಂದು ಸಲ ಫೇಲ್ ಆಗಿಯೂ ಆಗಿತ್ತು. ದೊಡ್ಡಪ್ಪ ಒಂದು ಸಂಬಂಧ ಹಿಡಿದು ಬಂದು ಕೂತಿದ್ದ. ಹುಡುಗಿಗೆ ಇಂಗ್ಲಿಷ್ ಬಂದು ಏನಾಗಬೇಕು, ಸಾರಿಗೆ ಒಗ್ಗರಣೆ ಇಂಗ್ಲಿಷಿನಲ್ಲಿ ಹಾಕ್ತಾಳಾ ಅಂತ ಅವನ ಮಾತು. ಅಪ್ಪ ಅವನಿಗೆ ಎದುರಾಡಲಿಲ್ಲ. ಈ ಸಲ ಇಂಗ್ಲಿಷ್ ದಾಟಿದರೆ ಮುಂದೆ ಓದಲಿ, ದಾಟದಿದ್ದರೆ ನೀನು ಹೇಳಿದ ಹಾಗೇ ಆಗಲಿ ಅಂತ ಒಪ್ಪಿಕೊಂಡ. ಅಕ್ಕ ಅದನ್ನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು.

ಆಮೇಲೆ ಬಂದದ್ದು ಆ ಪದ್ಯ. ಹದಿನಾಲ್ಕು ಸಾಲಿನ ಇಂಗ್ಲಿಷ್ ಪದ್ಯ. ಅಂಥದ್ದಕ್ಕೆ ಕನ್ನಡದಲ್ಲಿ ಸುನೀತ ಅನ್ನುತ್ತಾರೆ ಅಂತ ಅಕ್ಕ ನನಗೆ ಹೇಳಿಕೊಟ್ಟಿದ್ದಳು. ಬಹಳ ಹಿಂದಿನ ಕವಿಯೊಬ್ಬ ಬೆಳಗಿನ ಜಾವ ಸೇತುವೆಯ ಮೇಲೆ ನಿಂತು, ಹೊಗೆಯಿಲ್ಲದೆ ಮಲಗಿದ್ದ ಒಂದು ದೊಡ್ಡ ಊರನ್ನು ನೋಡಿ ಬರೆದದ್ದು. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಅದನ್ನು ಬಿಡಿಸಿ ವಿವರಿಸಿ ಅಂತ ದೊಡ್ಡ ಪ್ರಶ್ನೆ. ಅಕ್ಕ ಎರಡು ಪುಟ ಬರೆದು ಬಂದು, ಇದೊಂದು ಚೆನ್ನಾಗಿ ಬರೆದೆ ಕಣೇ ಅಂತ ನನ್ನ ಕೆನ್ನೆ ಹಿಂಡಿದ್ದಳು. ಪೇಪರ್ ವಾಪಸು ಬಂದಾಗ ಆ ಎರಡು ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ಸೊನ್ನೆ ಇತ್ತು. ಸೊನ್ನೆಯ ಪಕ್ಕದಲ್ಲಿ, ತಂದೆಯನ್ನು ಕರೆದುಕೊಂಡು ಬಾ ಅಂತ ಇತ್ತು.

ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದ ಬೆಳಿಗ್ಗೆಯೇ ಹೊರಡಬೇಕಾಯಿತು. ಅಂದು ಅವನಿಗೆ ವಾರದ ರಜೆ, ಅದೊಂದು ಪುಣ್ಯ. ಆರು ದಿನ ಬಾಕಿ ಇಟ್ಟ ನಿದ್ದೆಯನ್ನೆಲ್ಲ ಅಪ್ಪ ಆ ಒಂದು ದಿನದಲ್ಲಿ ಮಾಡುತ್ತಿದ್ದ. ನಾವು ಪಿಸುಮಾತಿನಲ್ಲಿ ಓಡಾಡುತ್ತಿದ್ದ ದಿನ ಅದು. ಅವತ್ತು ಅಪ್ಪ ಚಾಪೆ ಹಾಸಲೇ ಇಲ್ಲ. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡ. ನಾನು ರೈಲು ಹತ್ತಿದವಳೇ ಅಲ್ಲ. ಅಪ್ಪನ ಅಂಗಿಯ ತುದಿ ಹಿಡಿದವಳು ಬಿಡಲಿಲ್ಲ. ಅಮ್ಮ, ಕರ್ಕೊಂಡು ಹೋಗಿ, ಇವಳಿದ್ದರೆ ಆ ಇಂಗ್ಲಿಷ್ ಮೇಡಂಗೂ ಸ್ವಲ್ಪ ಕರುಣೆ ಬರಬಹುದು ಅಂದಳು.

ರೈಲಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅಪ್ಪನ ಕಣ್ಣುಗಳು ಕೆಂಪಗಿದ್ದವು, ಆದರೂ ರೆಪ್ಪೆ ಮುಚ್ಚಲಿಲ್ಲ. ನಾನು ಮಾತ್ರ ಕಡಲೆಕಾಯಿ ತಿನ್ನುತ್ತಾ ಗದ್ದೆಗಳನ್ನು ಎಣಿಸುತ್ತಿದ್ದೆ. ನನ್ನ ಖುಷಿಗೆ ನನಗೇ ನಾಚಿಕೆಯಾಗಿ ಆಗಾಗ ಮುಖ ಸಪ್ಪೆ ಮಾಡಿಕೊಳ್ಳುತ್ತಿದ್ದೆ.

ಮೇಡಂ ಅಂದರೆ ದಪ್ಪ ಕನ್ನಡಕದ, ಬೆತ್ತ ಹಿಡಿದ ಹೆಂಗಸು ಅಂದುಕೊಂಡಿದ್ದೆ. ನೋಡಿದರೆ ಅಕ್ಕನಿಗಿಂತ ಏಳೆಂಟು ವರ್ಷ ದೊಡ್ಡವರಿರಬೇಕು ಅಷ್ಟೆ, ನೂಲಿನ ಸೀರೆ, ಕೈಯಲ್ಲಿ ಒಂದೊಂದೇ ಬಳೆ. ಅಪ್ಪನಿಗೆ ಕುರ್ಚಿ ತೋರಿಸಿದರು. ಅಪ್ಪ ಕೂರಲಿಲ್ಲ. ಮೇಡಂ ಸುತ್ತಿ ಬಳಸದೆ ವಿಷಯಕ್ಕೆ ಬಂದರು. ನಿಮ್ಮ ಮಗಳು ಪದ್ಯವನ್ನು ಓದಿಲ್ಲ, ಇಲ್ಲವೇ ಬೇಕಂತಲೇ ತಮಾಷೆ ಮಾಡಿದ್ದಾಳೆ, ಎರಡರಲ್ಲಿ ಯಾವುದು ಅಂತ ನನಗೆ ಗೊತ್ತಾಗಬೇಕು ಅಂದರು. ಅಪ್ಪನಿಗೆ ಇಂಗ್ಲಿಷ್ ಬಾರದಲ್ಲ, ಅಕ್ಕ ಬರೆದದ್ದನ್ನು ಅವರೇ ಕನ್ನಡದಲ್ಲಿ ಹೇಳುತ್ತಾ ಹೋದರು.

ಅಕ್ಕ ಬರೆದದ್ದು ಹೀಗಿತ್ತು. ಈ ಊರಿಗೆ ದೊಡ್ಡ ವಿಪತ್ತು ಬಂದಿದೆ. ಬೀದಿಯಲ್ಲಿ ಯಾರೂ ಇಲ್ಲ, ಗಾಡಿಗಳು ನಿಂತಿವೆ, ಆಕಾಶದಲ್ಲಿ ಹೊಗೆ ಇಲ್ಲ. ಅಂದರೆ ಕೆಲಸ ನಿಂತು ಹೋಗಿದೆ, ಮನೆಗಳಲ್ಲಿ ಒಲೆ ಹೊತ್ತಿಲ್ಲ. ಜನ ಹಸಿದು ಮಲಗಿದ್ದಾರೆ. ಮೊದಲ ಎಂಟು ಸಾಲಿನಲ್ಲಿ ಕವಿ ಇದನ್ನೆಲ್ಲ ನೋಡುತ್ತಾನೆ. ಕೊನೆಯ ಆರು ಸಾಲಿನಲ್ಲಿ ಅವನ ದುಃಖ ಉಕ್ಕುತ್ತದೆ. ಆದರೆ ಕವಿ ದೊಡ್ಡ ಮನಸ್ಸಿನವನು, ಜನ ಧೈರ್ಯಗೆಡಬಾರದು ಅಂತ ಊರು ಚಂದ ಕಾಣುತ್ತಿದೆ ಎಂದು ಸಮಾಧಾನ ಹೇಳುತ್ತಾನೆ.

ಮೇಡಂ ಪೇಪರ್ ಕೆಳಗಿಟ್ಟು ಅಪ್ಪನ ಮುಖ ನೋಡಿದರು. ಅಪ್ಪ ತಲೆ ತಗ್ಗಿಸುತ್ತಾನೆ ಅಂತ ಕಾದಿದ್ದರೋ ಏನೋ. ಅಪ್ಪ ಅಂದ, “ಸರಿಯಾಗೇ ಬರೆದಿದ್ದಾಳಲ್ಲ ಮೇಡಂ.”

ಮೇಡಂಗೆ ನಗು ಬಂದುಬಿಟ್ಟಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಪ್ಪ ನಗಲಿಲ್ಲ. ಆ ಊರಲ್ಲಿ ಹೊಗೆ ಯಾಕಿರಲಿಲ್ಲ, ಕುಲುಮೆ ರಿಪೇರಿಗೆ ಬಂದಿತ್ತಾ ಅಂತ ನಿಜವಾಗಿಯೇ ಕೇಳಿದ. ಆಮೇಲೆ ನಮ್ಮೂರಿನ ಆ ನೀಲಿ ಆಕಾಶದ ಕಥೆ ಹೇಳಿದ. ಗಂಜಿಯ ವಿಷಯ ಅಪ್ಪ ಹೇಳಲಿಲ್ಲ, ಅವನು ಅಂಥದ್ದನ್ನು ಹೊರಗೆ ಹೇಳುವವನಲ್ಲ. ಅದನ್ನು ಹೇಳಿದವಳು ನಾನು. ಅಕ್ಕ ನನ್ನ ತೋಳು ಚಿವುಟಿದಳು. ಮೇಡಂ ಕೆಳಗಿಟ್ಟ ಪೇಪರನ್ನು ಮತ್ತೆ ಎತ್ತಿಕೊಂಡು ಮೊದಲಿಂದ ಓದಿದರು. ನಗು ಎಲ್ಲಿ ಹೋಯಿತೋ.

“ನಿಮ್ಮ ಮಗಳು ಬರೆದಿರೋದು ತಪ್ಪು. ಕವಿಗೆ ಸಂತೋಷ ಆಗಿದೆ, ದುಃಖ ಅಲ್ಲ,” ಅಂದರು. “ಆದರೆ ಇವಳು ಪದ್ಯ ಓದಿದ್ದಾಳೆ. ಉಳಿದವರೆಲ್ಲ ಗೈಡ್ ಓದಿದ್ದಾರೆ.”

ಹಾಗಂತ ಸೊನ್ನೆಯನ್ನು ಅವರು ಅಳಿಸಲಿಲ್ಲ. ದೊಡ್ಡ ಪರೀಕ್ಷೆಯ ಪೇಪರ್ ತಿದ್ದುವವರು ಭದ್ರಾವತಿಯವರೇ ಆಗಿರುವುದಿಲ್ಲ, ಇದನ್ನೇ ಬರೆದರೆ ಮತ್ತೆ ಫೇಲ್ ಅಂತ ಕಡ್ಡಿ ಮುರಿದ ಹಾಗೆ ಹೇಳಿದರು. ಸರಿಯುತ್ತರ ಒಂದು ಹಾಳೆಯಲ್ಲಿ ಬರೆದು ಕೊಡುತ್ತೇನೆ, ಬಾಯಿಪಾಠ ಮಾಡಲಿ ಅಂದರು. ಆಗ ಅಕ್ಕ ಬಾಯಿ ತೆರೆದಳು. “ಅವನಿಗೆ ಸಂತೋಷ ಯಾಕಾಯ್ತು ಅಂತ ಗೊತ್ತಾಗದೆ ಹೇಗೆ ಬರೀಲಿ ಮೇಡಂ?”

ಮೇಡಂ ಅಪ್ಪನ ಕಡೆ ತಿರುಗಿ ಕೇಳಿದರು, ಈ ಮಕ್ಕಳು ಒಂದು ಊರು ಮಲಗಿದ್ದನ್ನು ಯಾವತ್ತಾದರೂ ನೋಡಿದ್ದಾರಾ ಅಂತ. ಇಲ್ಲ, ನಾನೂ ನೋಡಿಲ್ಲ ಅಂದ ಅಪ್ಪ. ಹಾಗಾದರೆ ಒಂದು ದಿನ ಬೆಳಕು ಹರಿಯುವ ಮುಂಚೆ ಇಲ್ಲಿ ತುಂಗೆಯ ಸೇತುವೆಯ ಮೇಲೆ ನಿಂತು ನೋಡಿ, ನನ್ನ ಹಾಳೆಗಿಂತ ಅದು ವಾಸಿ ಅಂದರು.

ಒಂದು ದಿನ ಅಂದರೆ ಅಪ್ಪನಿಗೆ ಯಾವ ದಿನ ಸಿಗಬೇಕು? ಅವನಿಗಿದ್ದದ್ದು ಆ ರಜೆಯ ದಿನ ಒಂದೇ. ಮಾರನೆಯ ರಾತ್ರಿ ಮತ್ತೆ ಪಾಳಿ. ಹಾಗಾಗಿ ನಾವು ಅವತ್ತು ಊರಿಗೆ ಹೋಗಲಿಲ್ಲ. ಭದ್ರಾವತಿಗೆ ಹೋಗುವವರೊಬ್ಬರ ಕೈಯಲ್ಲಿ ಅಮ್ಮನಿಗೆ ಹೇಳಿ ಕಳಿಸಿ, ಶಿವಮೊಗ್ಗದಲ್ಲೇ ಹೊಸಮನೆ ಬಡಾವಣೆಯಲ್ಲಿದ್ದ ಅತ್ತೆಯ ಮನೆಗೆ ಹೋದೆವು. ಅಪ್ಪನ ತಂಗಿ ಅವಳು. ಬಾಯಿ ಜೋರು, ಕೈ ಧಾರಾಳ. ವಿಷಯ ಕೇಳಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. “ಪದ್ಯ ತಿಳ್ಕೊಳ್ಳೋಕೆ ಸೇತುವೆ ಮೇಲೆ ನಿಲ್ಲಬೇಕಂತಾ? ಹಾಗಾದ್ರೆ ಲೆಕ್ಕ ಬರದವರು ಎಲ್ಲಿ ನಿಲ್ಲಬೇಕು ಮಾರಾಯ್ತಿ?” ಅಂತ ಅಕ್ಕನನ್ನು ಕೇಳಿದಳು. ಅಷ್ಟಾದರೂ ನಮಗೆ ಬಿಸಿ ಅನ್ನ, ಹುರುಳಿ ಸಾರು ಬಡಿಸಿದಳು, ಬೆಳಗಿನ ಚಳಿಗೆ ಅಂತ ತನ್ನ ಕಂಬಳಿಯನ್ನು ಮಡಿಸಿ ಇಟ್ಟಳು. ಚಿಕ್ಕ ಮನೆ, ತುಂಬ ಮಕ್ಕಳು. ಅಪ್ಪನಿಗೆ ಕಾಲು ಚಾಚಲು ಜಾಗ ಸಿಕ್ಕಿರಲಿಲ್ಲ, ಗೋಡೆಗೆ ಒರಗಿಯೇ ಕೂತಿದ್ದ ಅನ್ನುವುದು ನನಗೆ ನೆನಪಿದೆ.

ಅತ್ತೆ ಎಬ್ಬಿಸಿದಾಗ ಕೋಳಿ ಕೂಗಿರಲಿಲ್ಲ. ನಾವು ಮೂವರೂ ನಡೆದು ಹೋದೆವು. ಪುಷ್ಯದ ಚಳಿ, ಮೂಗಿನ ತುದಿ ಮರಗಟ್ಟಿತ್ತು. ದಾರಿಯಲ್ಲಿ ಅಂಗಡಿಗಳಿಗೆಲ್ಲ ಹಲಗೆ ಬಾಗಿಲು. ಒಂದು ಜಟಕಾ ಗಾಡಿ ಮುಂದಿನ ಮೂಕಿಮರವನ್ನು ನೆಲಕ್ಕೂರಿ ನಿಂತಿತ್ತು, ಕುದುರೆ ಪಕ್ಕದಲ್ಲಿ ನಿಂತಲ್ಲೇ ತೂಕಡಿಸುತ್ತಿತ್ತು. ನಮ್ಮ ಹೆಜ್ಜೆಯ ಸದ್ದು ನಮಗೇ ಕೇಳಿಸುತ್ತಿತ್ತು. ನನಗೆ ಭಯವಾಗಿ ಅಪ್ಪನ ಬೆರಳು ಗಟ್ಟಿಯಾಗಿ ಹಿಡಿದೆ.

ಸೇತುವೆಯ ನಡುವೆ ಹೋಗಿ ನಿಂತೆವು. ಕೆಳಗೆ ತುಂಗೆ ಕಾಣಿಸುತ್ತಿರಲಿಲ್ಲ, ಮಂಜಷ್ಟೇ ಇತ್ತು. ಮಂಜಿನ ಅಡಿಯಿಂದ ಕಲ್ಲುಗಳ ಸಂದಿಯಲ್ಲಿ ನೀರು ಹರಿಯುವ ಸಣ್ಣ ಸದ್ದು ಬರುತ್ತಿತ್ತು. ಆಕಾಶ ಮೊದಲು ಬೂದಿ ಬಣ್ಣಕ್ಕೆ, ಆಮೇಲೆ ಹಾಲಿನ ಬಣ್ಣಕ್ಕೆ ತಿರುಗಿತು. ಕೋಟೆಯ ಕಡೆ ಒಂದು ಗುಡಿಯ ತುದಿ, ಒಂದು ಮಸೀದಿಯ ತುದಿ, ಸಾಲು ಸಾಲು ಹಂಚಿನ ಮನೆ, ತೆಂಗಿನ ತಲೆಗಳು ಒಂದೊಂದಾಗಿ ಮಂಜಿನಿಂದ ಎದ್ದವು. ಎಲ್ಲಿಯೂ ಹೊಗೆ ಇಲ್ಲ. ಅಕ್ಕ ಕಂಬಳಿ ಬಿಗಿಯಾಗಿ ಹೊದ್ದು ಊರನ್ನೇ ನೋಡುತ್ತಿದ್ದಳು. ಬಹಳ ಹೊತ್ತಾದ ಮೇಲೆ ಮೆಲ್ಲಗೆ, “ನಂಗೆ ಈಗಲೂ ಹೊಟ್ಟೆ ಹಸಿದ ಹಾಗೇ ಆಗ್ತಿದೆ ಕಣೇ, ಸಂತೋಷ ಆಗ್ತಿಲ್ಲ,” ಅಂದಳು. ಪದ್ಯದ ಎಂಟು ಸಾಲಿನವರೆಗೆ ಅವಳು ಬಂದಿದ್ದಳು, ಮುಂದಿನ ಆರು ಸಾಲಿಗೆ ದಾರಿಯಿರಲಿಲ್ಲ. ನಾನು ದೇವರೇ, ಅಕ್ಕನಿಗೆ ಸಂತೋಷ ಆಗಲಿ ಅಂತ ಕಣ್ಣು ಮುಚ್ಚಿ ಬೇಡಿಕೊಂಡೆ. ಪದ್ಯ ಅರ್ಥವಾಗಲಿ ಅಂತ ಯಾರಾದರೂ ದೇವರನ್ನು ಬೇಡಿದ್ದಾರೋ ಇಲ್ಲವೋ, ನಾನಂತೂ ಬೇಡಿದ್ದೇನೆ.

ಕಣ್ಣು ಬಿಟ್ಟಾಗ ಅಪ್ಪ ಪಕ್ಕದಲ್ಲಿರಲಿಲ್ಲ. ಹಿಂದಕ್ಕೆ ತಿರುಗಿದರೆ ಸೇತುವೆಯ ಮೋಟುಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದ. ಕೂತವನು ಹಾಗೆಯೇ ನಿದ್ದೆ ಹೋಗಿದ್ದ. ಬಾಯಿ ಸ್ವಲ್ಪ ತೆರೆದಿತ್ತು, ಕೈಗಳು ಮಡಿಲಲ್ಲಿ ಅಂಗಾತ ಬಿದ್ದಿದ್ದವು. ಬೆಂಕಿಯ ಮುಂದೆ ನಿಂತು ನಿಂತು ಹುಬ್ಬಿನ ನಡುವೆ ಬಿದ್ದಿದ್ದ ಗೆರೆ ಅಳಿಸಿಹೋಗಿತ್ತು. ಮನೆಯಲ್ಲಿ ಅಪ್ಪ ಮಲಗುತ್ತಿದ್ದದ್ದು ಹಗಲಿನಲ್ಲಿ, ಮುಖದ ಮೇಲೆ ಟವೆಲ್ ಹಾಕಿಕೊಂಡು. ಅವನ ನಿದ್ದೆಯ ಮುಖವನ್ನು ನಾವಿಬ್ಬರೂ ನೋಡಿದ್ದು ಅವತ್ತೇ ಮೊದಲು.

ಅಕ್ಕ ಅಪ್ಪನನ್ನು ನೋಡಿದಳು. ಆಮೇಲೆ ಊರಿನ ಕಡೆ ತಿರುಗಿದಳು. ಮತ್ತೆ ಅಪ್ಪನನ್ನು ನೋಡಿದಳು. ಕಂಬಳಿ ತೆಗೆದು ಅವನಿಗೆ ಹೊದಿಸಿ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು.

“ಅವರು ಹಸಿದು ಮಲಗಿಲ್ಲ ಕಣೇ,” ಅಂದಳು. “ದುಡಿದು ಮಲಗಿದ್ದಾರೆ.”

ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಮುಖ ನಗುತ್ತಿತ್ತು. ಅಷ್ಟರಲ್ಲಿ ದೂರದಲ್ಲಿ ಯಾರದೋ ಬಚ್ಚಲೊಲೆಯಿಂದ ಒಂದೆಳೆ ಹೊಗೆ ಎದ್ದಿತು. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲೊಂದು ಗಡಗಡ ಅಂತ ಸೇತುವೆ ಹತ್ತಿತು. ಅಪ್ಪ ಬೆಚ್ಚಿಬಿದ್ದು, “ಸೈರನ್ ಆಯ್ತಾ?” ಅಂತ ಎದ್ದೇಬಿಟ್ಟ. ಅಕ್ಕ ಅವನ ಭುಜ ಹಿಡಿದು ಕೂರಿಸಿ, “ಇಲ್ಲಪ್ಪ, ಇವತ್ತು ಇನ್ನೂ ಹೊತ್ತಿದೆ. ಮಲಕ್ಕೋ,” ಅಂದಳು. ಬಿಸಿಲು ಕಾಲಿಗೆ ಬರುವವರೆಗೂ ಅಪ್ಪ ಮಲಗಿದ. ನಾವಿಬ್ಬರೂ ಅವನ ಎರಡು ಪಕ್ಕದಲ್ಲಿ ಕಾವಲು ಕೂತೆವು. ಹೋಗಿಬರುವವರೆಲ್ಲ ನೋಡಿಕೊಂಡು ಹೋದರು, ನಮಗೇನೂ ನಾಚಿಕೆಯಾಗಲಿಲ್ಲ.

ಬೇಸಿಗೆಯ ಪರೀಕ್ಷೆಯಲ್ಲಿ ಪದ್ಯದ ಪ್ರಶ್ನೆ ಬಂತು. ಮೇಡಂ ಆಮೇಲೆ ಬರೆದುಕೊಟ್ಟ ಹಾಳೆಯನ್ನು ಅಕ್ಕ ಬಾಯಿಪಾಠ ಮಾಡದೆ ತನ್ನ ಮಾತಿನಲ್ಲೇ ಬರೆದಳು. ಪಾಸಾದಳು, ಬರೀ ಪಾಸು, ಆದರೆ ದೊಡ್ಡಪ್ಪನ ಬಾಯಿ ಮುಚ್ಚಿಸಲು ಅಷ್ಟು ಸಾಕಾಗಿತ್ತು. ಮುಂದೆ ಓದಿ ಹೈಸ್ಕೂಲಿನಲ್ಲಿ ಟೀಚರ್ ಆದಳು, ಇಂಗ್ಲಿಷನ್ನೇ ಕಲಿಸಿದಳು. ನನಗೆ ಓದು ಅಷ್ಟಾಗಿ ಹತ್ತಲಿಲ್ಲ. ಮದುವೆಯಾಗಿ, ಅಡುಗೆ ಮನೆ, ದೇವರ ಮನೆ, ಮಕ್ಕಳು ಅಂತ ದಿನ ಕಳೆದೆ. ಅದರಲ್ಲಿ ನನಗೆ ಯಾವ ಕೊರಗೂ ಇಲ್ಲ. ಅಪ್ಪ ಹೋಗಿ ಬಹಳ ವರ್ಷವಾಯಿತು. ಅಕ್ಕ ಹೋದದ್ದು ಹೋದ ವರ್ಷ. ಆ ಬೆಳಗನ್ನು ಕಂಡ ಮೂವರಲ್ಲಿ ಈಗ ನಾನೊಬ್ಬಳೇ. ದೀಪ ಹಚ್ಚಿ ಕೈ ಮುಗಿಯುವಾಗ ಒಂದೊಂದು ದಿನ ಇನ್ನೇನೂ ಬೇಡವೆನಿಸುತ್ತದೆ, ಅವರಿಬ್ಬರ ನಡುವೆ ಆ ತಣ್ಣನೆಯ ಕಲ್ಲಿನ ಮೇಲೆ ಇನ್ನೊಂದು ಗಳಿಗೆ ಕೂರಬೇಕು ಅಂತ ಅನ್ನಿಸುತ್ತದೆ. ಅದು ಸಿಗುವಂಥದ್ದಲ್ಲ ಅಂತಲೂ ಗೊತ್ತು.

ನನ್ನ ಮೊಮ್ಮಕ್ಕಳು ನೀವು, ನಿಮ್ಮ ಬೆಳಗು ಬೇರೆ ಥರ. ಇಲ್ಲಿ ಶಿವಮೊಗ್ಗದ ವಿನೋಬನಗರದಲ್ಲಿ ಏಳೂವರೆಗೆ ಶಾಲೆಯ ವ್ಯಾನ್ ಹಾರ್ನ್ ಹೊಡೆಯುತ್ತದೆ, ನಿಮ್ಮಮ್ಮ ಒಂದು ಕೈಯಲ್ಲಿ ಜಡೆ, ಇನ್ನೊಂದು ಕೈಯಲ್ಲಿ ಡಬ್ಬಿ ಹಿಡಿದು ನಿಮ್ಮ ಹಿಂದೆ ಓಡುತ್ತಾಳೆ. ಹೋದ ವಾರ ನಿಮಗೂ ಒಂದು ಪದ್ಯ ವಿವರಿಸಿ ಅಂತ ಕೊಟ್ಟಿದ್ದರು. ನೀವು ಫೋನನ್ನು ಕೇಳಿದಿರಿ, ಕಣ್ಣು ಮಿಟುಕಿಸುವುದರಲ್ಲಿ ಉತ್ತರ ಬಂತು. ಓದಿ ಹೇಳಿದಿರಿ, ಕೇಳಿದೆ, ಚೆನ್ನಾಗಿಯೇ ಇತ್ತು. ಅದಕ್ಕೋಸ್ಕರ ಯಾರೂ ನಿದ್ದೆ ಕೆಡಬೇಕಾಗಲಿಲ್ಲ, ಚಳಿಯಲ್ಲಿ ನಡೆಯಬೇಕಾಗಲಿಲ್ಲ, ಯಾರ ಮುಂದೆಯೂ ಬಿಳಿ ಅಂಗಿ ಹಾಕಿಕೊಂಡು ನಿಲ್ಲಬೇಕಾಗಲಿಲ್ಲ. ಅದೂ ದೇವರ ದಯೆಯೇ, ನಾನು ಕೊಂಕು ಆಡುವುದಿಲ್ಲ. ಆದರೆ ನಿಮಗೆ ಸೊನ್ನೆ ಬಿದ್ದಾಗ ಆ ಸೇತುವೆಗೆ ಕರೆದುಕೊಂಡು ಹೋಗಲು ಯಾರಾದರೂ ಒಬ್ಬರು ಇರಬೇಕಲ್ಲ ಅಂತ ನನ್ನ ಮನಸ್ಸು ಹೇಳುತ್ತಿರುತ್ತದೆ. ಅದಕ್ಕೆ ಈಗಲೇ ಹೇಳಿಬಿಡುತ್ತೇನೆ. ಎಲ್ಲರ ಉತ್ತರ ಸರಿಯಾಗಿ ನಿಮ್ಮದೊಂದೇ ತಪ್ಪಾದ ದಿನ, ಹೆದರಬೇಡಿ, ನನ್ನನ್ನು ಬಂದು ಎಬ್ಬಿಸಿ. ಮಂಡಿ ನೋವಿನಿಂದ ನಡಿಗೆ ಸ್ವಲ್ಪ ನಿಧಾನ, ಅಷ್ಟೇ. ನಾಲ್ಕೂವರೆಗೆಲ್ಲ ನಾನು ಎದ್ದೇ ಇರುತ್ತೇನೆ.